ಆಸ್ಪತ್ರೆಯ ಬಾವಿಯೂ ಮೂರು ಇಲಾಖೆಗಳೂ

ಸುಮ್ಮನೆ ಕೂಡುವುದೂ ಒಂದು ವಿದ್ಯೆ. ಅದು ನನಗೆ ಸಿದ್ಧಿಸಲಿಲ್ಲ. ಮದರಾಸಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿತೆ, ಚರ್ಚಾಕೂಟದಲ್ಲಿ ಮೇಜು ಗುದ್ದಿ ಮಾತನಾಡುವುದನ್ನು ಕಲಿತೆ. ಆದರೆ ಕಣ್ಣೆದುರಿಗೆ ಕೆಟ್ಟು ನಿಂತಿರುವ ವಸ್ತುವನ್ನು ನೋಡಿಯೂ ನೋಡದವರಂತೆ ಎಲೆಯಡಿಕೆ ಮೆಲ್ಲುವ ಆ ಪುರಾತನ ಸಮಾಧಾನವನ್ನು ನನಗೆ ಯಾರೂ ಕಲಿಸಲಿಲ್ಲ. ಮದುವೆಮನೆಯಲ್ಲಿ ದೀಪ ಹೊಗೆಯುಗುಳಿದರೆ ಉಳಿದವರು ಕಣ್ಣೊರಸಿಕೊಂಡು ಪಾಯಸಕ್ಕೆ ಕೈಯೊಡ್ಡುತ್ತಾರೆ. ನಾನು ‘ಈ ದೀಪ ಯಾರ ಹೊಣೆ?’ ಎಂದು ಎದ್ದು ನಿಲ್ಲುತ್ತೇನೆ. ಒಮ್ಮೆ ನನ್ನನ್ನು ನೋಡಲು ಹೊಸಪೇಟೆಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಂದೆ ತಾಲ್ಲೂಕು ಕಚೇರಿಯಲ್ಲಿ ದೊಡ್ಡ ಗುಮಾಸ್ತರು. “ಹಾಡು ಬರುತ್ತದೆಯೇ?” ಎಂದು ಅವರು ನನ್ನನ್ನು ಕೇಳಿದರು. ಬರುವುದಿಲ್ಲವೆಂದು ವಿನಯದಿಂದ ಹೇಳಿ, ಅವರ ಕಚೇರಿಗೆ ಅರ್ಜಿ ಹಾಕಿದವರಿಗೆ ಉತ್ತರವೇಕೆ ಬರುವುದಿಲ್ಲವೆಂದು ನಾನೂ ಅಷ್ಟೇ ವಿನಯದಿಂದ ಕೇಳಿದೆ. ಆ ಸಂಬಂಧಕ್ಕೂ ಉತ್ತರ ಬರಲಿಲ್ಲ. “ಮುಂದಿನವರು ಬಂದಾಗ ಬಾಯಾಗ ಒಂದು ಲವಂಗ ಇಟ್ಕೊಂಡು ಕೂಡು,” ಎಂದಳು ಅಮ್ಮ. ಮುಂದಿನವರು ಬರಲೇ ಇಲ್ಲವಾದ್ದರಿಂದ ಲವಂಗ ಉಳಿಯಿತು.

ಮದುವೆಯಾಗದ ಪದವೀಧರೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಬಾಯ್ಲರನ್ನು ಪಡಸಾಲೆಯಲ್ಲಿಟ್ಟುಕೊಂಡಂತೆ ಎಂಬುದು ನಮ್ಮ ತಂದೆಯವರಿಗೆ ಬೇಗ ಮನವರಿಕೆಯಾಯಿತು. ಹೀಗಾಗಿ ನಮ್ಮೂರ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು ವಿದ್ಯಾರ್ಥಿನಿಯರಿಗೆ ಆರೋಗ್ಯಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುವವರು ಬೇಕಾಗಿದ್ದಾರೆಂದು ತಿಳಿದ ದಿನವೇ ಅವರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೊಸಪೇಟೆಯಿಂದಲೋ ಕಂಪ್ಲಿಯಿಂದಲೋ ಬೆಳಿಗ್ಗೆ ಗಾಡಿ ಹೂಡಿದರೆ ಊಟದ ಹೊತ್ತಿಗೆ ತಲಪಬಹುದಾದ ಊರು ಎಂದಿಟ್ಟುಕೊಳ್ಳಿ. ಹೆಸರು ಹೇಳಿದರೆ, ಎಂದೂ ಒಟ್ಟಾಗದ ಮೂರು ಇಲಾಖೆಗಳು ನನ್ನ ಮೇಲೆ ದಾವೆ ಹೂಡುವುದಕ್ಕಾದರೂ ಒಟ್ಟಾದಾವು.

ನನಗೆ ಕೊಟ್ಟ ಪಠ್ಯಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು. ಗಾಳಿ, ನೀರು, ಚರಂಡಿ, ನೊಣ ಎಲ್ಲಕ್ಕೂ ಒಂದೊಂದು ಅಧ್ಯಾಯವಿತ್ತು. ಆದರೆ ಎಲ್ಲವೂ ಅಲ್ಲಿನ ಗಾಳಿ, ಅಲ್ಲಿನ ನೊಣ. ಹಿಮ ಬಿದ್ದು ಕೊಳಾಯಿಯೊಳಗೆ ನೀರು ಹೆಪ್ಪುಗಟ್ಟದಂತೆ ಯಾವ ಎಚ್ಚರ ವಹಿಸಬೇಕೆಂಬುದನ್ನು ನಾನು ಚೈತ್ರಮಾಸದ ಬಿಸಿಲಿನಲ್ಲಿ, ಬಂಡೆಗಳೂ ನೆರಳು ಹುಡುಕುವ ನಮ್ಮ ಸೀಮೆಯಲ್ಲಿ, ಹಣೆಯ ಬೆವರೊರಸಿಕೊಳ್ಳುತ್ತ ಬೋಧಿಸಿದೆ. ಎಂಟು ಜನ ವಿದ್ಯಾರ್ಥಿನಿಯರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದರು. ಪಾಠ ಮುಗಿದ ಮೇಲೆ ಹುಲಿಗೆವ್ವ ಎದ್ದು ನಿಂತಳು. ಅವಳು ಕಂಪ್ಲಿಯವಳು, ನನ್ನಷ್ಟೇ ವಯಸ್ಸು. ಗಂಡ ತೀರಿಕೊಂಡ ಮೇಲೆ ಮೈದುನಂದಿರ ಮನೆಯಲ್ಲಿ ದನದ ಕೊಟ್ಟಿಗೆಗೂ ಒಲೆಗೂ ನಡುವೆ ಸವೆಯುತ್ತಿದ್ದವಳು, ಒಂದು ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಮೋಟಾರು ಹತ್ತಿ ಬಂದು ಈ ತರಗತಿಗೆ ಸೇರಿಕೊಂಡಿದ್ದಳು.

“ಅಕ್ಕಾರ, ಹಿಮದ ಮಾತು ಹಂಗಿರ್ಲಿ,” ಎಂದಳು. “ನಮ್ಮ ಬಾವಿ ನಾರತೈತಲ್ರಿ, ಅದು ಯಾವ ಪಾಠದಾಗ ಬರತೈತಿ?”

ಬಾವಿ ಯಾವ ಪಾಠದಲ್ಲಿಯೂ ಬರುವಂತಿರಲಿಲ್ಲ. ವಿದ್ಯಾರ್ಥಿನಿಯರ ಬಿಡಾರದ ಹಿಂದೆ, ಆಸ್ಪತ್ರೆಯ ಆವರಣದ ಗೋಡೆಗೆ ಒತ್ತಿಕೊಂಡು ಅದು ಇತ್ತು. ಗೋಡೆಯ ಆಚೆ ಬೀದಿಯ ಚರಂಡಿ. ಗೋಡೆಯ ಬುಡದಲ್ಲಿ ಬಿರುಕು. ಚರಂಡಿಯ ನೀರು ಬಿರುಕಿನಿಂದ ಒಳಗೆ ಬಂದು ಬಾವಿಗೆ ಇಳಿಯುತ್ತಿತ್ತು. ಇಷ್ಟನ್ನು ಕಂಡುಹಿಡಿಯಲು ಮದರಾಸಿಗೆ ಹೋಗಬೇಕಾಗಿರಲಿಲ್ಲ, ಮೂಗೊಂದಿದ್ದರೆ ಸಾಕಾಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಎಂಟು ಹುಡುಗಿಯರಲ್ಲಿ ಇಬ್ಬರು ಜ್ವರ ಹಿಡಿದು ಮನೆಗೆ ಮರಳಿದರು. ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರು ತರಗತಿಗೆ ಬಂದು, ಇನ್ನೊಬ್ಬಳು ಹಾಸಿಗೆ ಹಿಡಿದರೆ ತರಬೇತಿಯನ್ನೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸುವುದಾಗಿ ಹೇಳಿ ಹೋದರು. ಉಳಿದ ಐವರಿಗೆ ಮನೆಯೆಂದರೆ ಮನೆ. ಹುಲಿಗೆವ್ವನಿಗೆ ಮನೆಯೆಂದರೆ ಆ ಕೊಟ್ಟಿಗೆ. ಡಾಕ್ಟರು ಹೋದ ಮೇಲೆ ಅವಳು ತನ್ನ ಪಾಲಿನ ನೀರನ್ನು ಎರಡನೆಯ ಸಲ ಕುದಿಯಲಿಟ್ಟಳು. ಸೌದೆಯನ್ನು ಅಳೆದು ಕೊಡುತ್ತಿದ್ದ ಬಿಡಾರದಲ್ಲಿ ಎರಡು ಸಲ ನೀರು ಕುದಿಸಿದವರಿಗೆ ಅನ್ನ ಒಂದು ಸಲವೂ ಸರಿಯಾಗಿ ಬೇಯುತ್ತಿರಲಿಲ್ಲ.

ನಾನು ಹೊಣೆ ಕೇಳಲು ಹೊರಟೆ. ಸೊಂಟಕ್ಕೆ ಸೆರಗು ಬಿಗಿದು, ಚರ್ಚಾಕೂಟದ ನನ್ನ ಅತ್ಯುತ್ತಮ ವಾಕ್ಯಗಳನ್ನು ದಾರಿಯಲ್ಲಿ ಮತ್ತೊಮ್ಮೆ ಹೇಳಿಕೊಂಡು ಹೊರಟೆ. ಡಾಕ್ಟರು, ಬಾವಿ ಆವರಣದೊಳಗಿರುವುದು ನಿಜ, ಆದರೆ ಅದಕ್ಕೆ ಬಂದಿರುವ ರೋಗ ಹೊರಗಿನದು ಎಂದರು. ಚರಂಡಿ ಊರ ಬೋರ್ಡಿನದು. ಊರ ಬೋರ್ಡಿನ ಸ್ಯಾನಿಟರಿ ಇನ್‌ಸ್ಪೆಕ್ಟರರು ಮೀಸೆಯ ಮೇಲೊಂದು ಬೆರಳಿಟ್ಟು ಯೋಚಿಸಿದರು. “ಗಟಾರ ನಮ್ಮದಽ ಖರೆ ಅಮ್ಮಾರ. ಆದ್ರ ಅದು ನಿಲ್ಲೋದು ಯಾಕ? ಮುಂದ ಕಾಲುವಿಗೆ ಹೋಗಿ ಸೇರಂಗಿಲ್ಲ, ಅದಕ್ಕ. ಕಾಲುವಿ ನಮ್ಮದಲ್ರಿ.” ಕಾಲುವೆಯ ಓವರ್ಸಿಯರರು ಬಳ್ಳಾರಿಯ ಕಡೆಯ ವಯಸ್ಸಾದವರು, ನನಗೆ ಕುರ್ಚಿ ಹಾಕಿಸಿ ಮಜ್ಜಿಗೆ ತರಿಸಿದರು. “ನೋಡು ತಾಯಿ, ಕಾಲುವಿಗೆ ಬಂದು ಬಿದ್ದಮ್ಯಾಲೆ ಅದು ನೀರು, ನಮ್ಮ ಜವಾಬ್ದಾರಿ. ಬೀಳೋತನಕ ಅದು ಕಚಡಾ. ಕಚಡಾ ನಮ್ಮ ಇಲಾಖೆಗೆ ಬರಂಗಿಲ್ಲ. ಇನ್ನ ಗೋಡಿ ಬಿರುಕು ಅಂದ್ರ, ಗೋಡಿ ಆಸ್ಪತ್ರಿದು.” ಮಜ್ಜಿಗೆ ಬಹಳ ಚೆನ್ನಾಗಿತ್ತು, ಅದನ್ನು ಕುಡಿದು ಮತ್ತೆ ಡಾಕ್ಟರ ಬಳಿಗೆ ಬಂದೆ. ಹೀಗೆ ಎಷ್ಟು ಪ್ರದಕ್ಷಿಣೆ ಹಾಕಿದೆನೋ, ಅಷ್ಟನ್ನು ಅಶ್ವತ್ಥದ ಮರಕ್ಕೆ ಹಾಕಿದ್ದರೆ ಅಮ್ಮನ ಬಯಕೆಯಾದರೂ ಈಡೇರುತ್ತಿತ್ತು. ಜ್ವರ ಬಂದ ಹುಡುಗಿಯರಲ್ಲೊಬ್ಬಳು ಸಂಡೂರಿನವಳೆಂದು ತಿಳಿದಾಗ ಇನ್‌ಸ್ಪೆಕ್ಟರರ ಮುಖ ಅರಳಿತು. “ಹಂಗಂದ್ರ ಆಕಿ ರಾಜರ ಸಂಸ್ಥಾನದಾಕಿ, ನಮ್ಮ ಜಿಲ್ಲಾದಾಕಿ ಅಲ್ಲ. ಆ ಜ್ವರ ಮದರಾಸ್ ಸರ್ಕಾರದ ಲೆಕ್ಕಕ್ಕ ಹೆಂಗ ಬರತೈತ್ರಿ?” ಎಂದರು. ರೋಗಾಣುವಿಗೂ ಗಡಿಯಲ್ಲಿ ರಹದಾರಿ ಕೇಳುವ ವ್ಯವಸ್ಥೆ ನಮ್ಮಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಈ ಅಲೆದಾಟದಲ್ಲಿ ನಾನೊಂದು ಸತ್ಯ ಕಂಡುಕೊಂಡೆ. ನಮ್ಮ ಅಧಿಕಾರಿಗಳಿಗೆ ಕೆಲಸ ಹೇಳಿದರೆ ಅದು ಪಕ್ಕದ ಕಚೇರಿಯದು. ಆದರೆ ಭಾಷಣ ಮಾಡಿರೆಂದರೆ ಅದು ಅವರ ಸ್ವಂತದ್ದು. ಹಾಗಿದ್ದ ಮೇಲೆ ಇವರನ್ನು ದುರಸ್ತಿಗೆ ಕರೆಯುವುದೇಕೆ, ಪಾಠಕ್ಕೇ ಕರೆಯೋಣವೆಂದು ನಿಶ್ಚಯಿಸಿದೆ. ಬಾವಿಯ ಪಕ್ಕದ ಕೊಠಡಿಯಲ್ಲಿ ನಿಂತು ಶುದ್ಧಜಲದ ಮೇಲೆ ಮಾತನಾಡಿದ ಮನುಷ್ಯ ಕಿಟಕಿಯಿಂದ ಒಮ್ಮೆಯಾದರೂ ಹೊರಗೆ ನೋಡಲೇಬೇಕು; ನೋಡಿದರೆ ನಾಚಲೇಬೇಕು. ಹೀಗೆಂದು ನನ್ನ ತರ್ಕ. ಮೂವರ ಬಳಿಗೂ ಬೇರೆ ಬೇರೆಯಾಗಿ ಹೋಗಿ, ನರ್ಸುಗಳ ಶಿಕ್ಷಣ ಒಂದು ಇಲಾಖೆಯಿಂದ ಆಗತಕ್ಕದ್ದಲ್ಲ, ತಮ್ಮಂಥವರ ಅನುಭವವೂ ಅದಕ್ಕೆ ಕೂಡಬೇಕು ಎಂದೆ. ತಾವು ಕೈಯಾರೆ ಏನಾದರೂ ಮಾಡಿ ತೋರಿಸಿದರಂತೂ ಹುಡುಗಿಯರು ಜನ್ಮದಲ್ಲಿ ಮರೆಯಲಾರರು ಎಂದೂ ಸೇರಿಸಿದೆ. ಮೂವರೂ ಕೂಡಲೇ ಒಪ್ಪಿದರು. ‘ಅಂತೂ ಈ ಹುಡುಗಿಗೆ ಬುದ್ಧಿ ಬಂತು’ ಎಂಬ ಸಂತೋಷ ಮೂವರ ಮುಖದಲ್ಲಿಯೂ ಇತ್ತು.

ಇನ್‌ಸ್ಪೆಕ್ಟರರು ಜರಿಯಂಚಿನ ಪೇಟ ಸುತ್ತಿಕೊಂಡು ಬಂದು ಕಪ್ಪುಹಲಗೆಯ ತುಂಬ ಒಂದು ನೊಣವನ್ನು ಬರೆದರು. ಎಷ್ಟು ಚೆನ್ನಾಗಿ ಬರೆದರೆಂದರೆ ಕಿಟಕಿಯಿಂದ ಬಂದ ನಿಜವಾದ ನೊಣಗಳು ಅದರ ಮೇಲೆ ಕೂತವು. ಕಿಟಕಿಯಿಂದ ನೊಣಗಳು ಯಾಕೆ ಬರುತ್ತಿವೆಯೆಂದು ಮಾತ್ರ ಅವರು ತಿರುಗಿ ನೋಡಲಿಲ್ಲ. ಓವರ್ಸಿಯರರು ಇನ್ನೂ ಉದಾರಿಗಳು. ಎರಡು ಗಾಡಿ ಹೂಡಿಸಿ ನಮ್ಮೆಲ್ಲರನ್ನೂ ಹಂಪಿಗೆ ಕರೆದೊಯ್ದರು. ಅಲ್ಲಿ ಅರಮನೆಯ ದಿಬ್ಬದ ಬಳಿ ಕಂಬಗಳ ಮೇಲೆ ಹಾಯ್ದುಹೋಗುವ ಕಲ್ಲಿನ ದೋಣಿಕಾಲುವೆಯನ್ನು ಬೆತ್ತದಿಂದ ತೋರಿಸುತ್ತ, “ಅರಸರ ಕಾಲದ ಕೆಲಸ. ಒಂದು ಕಲ್ಲು ಅಲ್ಲಾಡಿಲ್ಲ, ಒಂದು ಕಡೀಗೂ ಸೋರಂಗಿಲ್ಲ,” ಎಂದರು.

“ಇದರಾಗ ನೀರು ಎಲ್ಲದಾವ್ರಿ?” ಎಂದಳು ಹುಲಿಗೆವ್ವ.

“ನೀರು ಎಲ್ಲಿದ್ದಾವು ಮಗಳ? ಅರಸರು ಹೋದ್ರು, ನೀರೂ ಹೋದ್ವು.”

“ಹಂಗಾದ್ರ ಸೋರೋದಾದ್ರೂ ಏನ್ರಿ?”

ಓವರ್ಸಿಯರರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಇಂಥ ಕಾಲುವೆ ಕಟ್ಟಿದ ನಾಡಿನಲ್ಲಿ ಒಂದು ಗೋಡೆಯ ಬಿರುಕಿಗೆ ಗಾರೆ ಮೆತ್ತುವವರಿಲ್ಲವಲ್ಲ, ಇದಕ್ಕೆ ಯಾರನ್ನು ಕೇಳಲಿ ಎಂದು ಆ ಬಿಸಿಲಿನಲ್ಲಿ ಕಲ್ಲಿಂದ ಕಲ್ಲಿಗೆ ಅಲೆದೆ. ಅರಸರನ್ನು ಕೇಳೋಣವೆಂದರೆ ಅವರು ಸಕಾಲದಲ್ಲಿಯೇ ಹೊರಟುಹೋಗಿದ್ದರು. ಉಳಿದವರು ಬುತ್ತಿಯ ಮೊಸರನ್ನ ತಿಂದು ನೆರಳಿನಲ್ಲಿ ಸೊಗಸಾಗಿ ನಿದ್ದೆ ಮಾಡಿದರು.

ಕೈಯಾರೆ ಮಾಡಿ ತೋರಿಸುವ ವಾರ ಬಂತು. ನಾನು ಮೂವರಿಗೂ ‘ಈ ವಾರ ತಮಗೆ ಅನುಕೂಲವಾದಾಗ’ ಎಂದು ಹೇಳಿದ್ದೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿರಲಿಲ್ಲ. ಮೂರು ಇಲಾಖೆಗಳನ್ನು ಒಂದುಗೂಡಿಸಿದೆನೆಂದು ಹಿಗ್ಗುತ್ತಿದ್ದವಳಿಗೆ, ಅವುಗಳ ನಡುವೆ ಮಾತುಕತೆಯೂ ಆಗಬೇಕೆಂಬುದು ಹೊಳೆಯಲಿಲ್ಲ. ಸೋಮವಾರ ಡಾಕ್ಟರು ಬಂದು ಪರ್ಮಾಂಗನೇಟನ್ನು ಬಕೆಟ್ಟಿನಲ್ಲಿ ಕರಗಿಸಿ ಬಾವಿಗೆ ಹುಯ್ಯಿಸಿದರು. ಬಾವಿ ದಾಸವಾಳದ ಬಣ್ಣಕ್ಕೆ ತಿರುಗಿತು. ಬಣ್ಣ ಹೋಗುವವರೆಗೆ ಕುಡಿಯಬಾರದೆಂದು ಹೇಳಿ ಹೋದರು. ಬಣ್ಣ ಹೋಗುವ ಮೊದಲೇ ಇನ್‌ಸ್ಪೆಕ್ಟರರು ಬ್ಲೀಚಿಂಗ್ ಪುಡಿಯ ಡಬ್ಬಿಯೊಂದಿಗೆ ಬಂದರು. ಬಾವಿಯೊಳಗೆ ಇಣುಕಿ, “ಇದು ಯಾರ ಕೆಲಸ?” ಎಂದು ಕೇಳಿ, ಆಸ್ಪತ್ರೆಯದೆಂದು ತಿಳಿದ ಮೇಲೆ, “ಅವರದು ಹಳೇ ಪದ್ಧತಿ. ಈಗ ನಮ್ಮ ಬೋರ್ಡಿಂದು ನೋಡ್ರಿ,” ಎಂದು ಡಬ್ಬಿ ಬರಿದು ಮಾಡಿದರು. ಕಣ್ಣುಮೂಗಲ್ಲಿ ನೀರು ಸುರಿಸುತ್ತ ನಾವೆಲ್ಲ ನೋಡಿದೆವು. ಗುರುವಾರ ಓವರ್ಸಿಯರರು ಎರಡು ಬುಟ್ಟಿ ಸುಟ್ಟ ಸುಣ್ಣ ಹೊರಿಸಿಕೊಂಡು ಬಂದರು. ತಡೆಯೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, “ಪುಡಿಗಿಡಿ ಎಲ್ಲ ನಿನ್ನೆ ಮೊನ್ನೆ ಬಂದದ್ದು ತಾಯಿ, ಸುಣ್ಣ ಅನ್ನೋದು ಅಜ್ಜಮುತ್ತಾನ ಕಾಲದ್ದು,” ಎಂದು ಎರಡೂ ಬುಟ್ಟಿಗಳನ್ನು ಬಾವಿಗೆ ಮಗುಚಿಸಿದರು. ಬಾವಿ ಒಳಗಿನಿಂದ ಬುಸುಗುಟ್ಟಿತು. ಯಾರದೂ ಅಲ್ಲದ ಬಾವಿ ಒಂದು ವಾರದ ಮಟ್ಟಿಗೆ ಮೂವರದೂ ಆಗಿತ್ತು.

ಮರುದಿನ ಅದರ ನೀರು ರಾಗಿ ಅಂಬಲಿಯಂತಿತ್ತು. ಹುಲಿಗೆವ್ವ ಕೊಡವನ್ನು ಬಗ್ಗಿಸಿ ನನಗೆ ತೋರಿಸಿದಳು. “ನೀರು ಭಾಳ ಶುದ್ಧ ಆಗ್ಯಾವ್ರಿ ಅಕ್ಕಾರ. ಕುಡಿಯಾಕ ಬರಂಗಿಲ್ಲ, ಅಷ್ಟು ಶುದ್ಧ.” ಹುಡುಗಿಯರು ಎಮ್ಮೆಗಳು ಮೈಬಿಟ್ಟಿದ್ದ ಕಾಲುವೆಗೆ ಹೋಗಿ ನೀರು ತಂದರು. ಅಂದರೆ ಜ್ವರದ ಬಾವಿಯಿಂದ ಅವರನ್ನು ಬಿಡಿಸಿ ನಾನು ಕಾಲರಾದ ದಡಕ್ಕೆ ಕರೆದೊಯ್ದಿದ್ದೆ. ಮೂರೂ ಕಚೇರಿಗಳಿಗೆ ಓಡಿದೆ. ಮೂರರಲ್ಲಿಯೂ, ಉಳಿದಿಬ್ಬರು ಏಕೆ ಕೈ ಹಾಕಿದರೆಂದು ನನ್ನನ್ನೇ ಕೇಳಿದರು. ಇನ್‌ಸ್ಪೆಕ್ಟರರು ಮಾತ್ರ, ಹಲಗೆಯ ಮೇಲಿನ ನೊಣವನ್ನು ಯಾರಾದರೂ ಒರಸಿಬಿಟ್ಟರೇ ಎಂದು ಹೆಚ್ಚಿಗೆ ವಿಚಾರಿಸಿದರು.

ಅದರ ಮರುದಿನ ತರಗತಿಗೆ ಹೋದರೆ ಒಬ್ಬರೂ ಇಲ್ಲ. ಮನೆಗೆ ಕಳಿಸಿಯೇಬಿಟ್ಟರೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಆರೂ ಜನ ತುಂಬಿದ ಕೊಡ ಹೊತ್ತು ಸಾಲಾಗಿ ಬಂದರು. “ಎಲ್ಲಿಗೆ ಹೋಗಿದ್ರಿ?” ಎಂದೆ.

“ಡಾಕ್ಟರ ಬಂಗ್ಲೆಕ್ಕ ಇಬ್ರು, ಇನ್‌ಸ್ಪೆಕ್ಟರ ಮನಿಗೆ ಇಬ್ರು, ಓವರ್ಸಿಯರ ಮನಿಗೆ ಇಬ್ರು,” ಎಂದು ಹುಲಿಗೆವ್ವ ಕೊಡ ಇಳಿಸಿದಳು. “ನೀರಿನ ಪಾಠ ಹೇಳಿದವರ ಮನ್ಯಾಗ ನೀರು ಛಲೋ ಇರಬೇಕಲ್ರಿ.”

“ಅವರು ಏನಂದರು?”

“ಅವರು ಕಚೇರಿಗೆ ಹೋಗಿದ್ರು. ಅಮ್ಮಾರು ಇದ್ರು. ‘ನಿಮ್ಮ ಯಜಮಾನರು ನಮ್ಮ ಬಾವಿ ಶುದ್ಧ ಮಾಡ್ಯಾರ್ರಿ, ಅದಕ್ಕ ನಿಮ್ಮಲ್ಲಿಗೆ ಬಂದೀವಿ’ ಅಂದ್ವಿ.”

ಮೊದಲ ದಿನ ಇನ್‌ಸ್ಪೆಕ್ಟರರ ಹೆಂಡತಿ ಆದರದಿಂದಲೇ ನೀರು ಕೊಟ್ಟರಂತೆ. ಎರಡನೆಯ ದಿನ ತಾವೇ ಸೇದಿ ಹಾಕಿದರಂತೆ. ಮೂರನೆಯ ದಿನ ಯಜಮಾನರನ್ನು ಊಟದ ಎಲೆಯ ಮುಂದೆ ಕೂಡಿಸಿಕೊಂಡು ಏನು ಹೇಳಿದರೋ ತಿಳಿಯದು. ಅವರು ಮಜ್ಜಿಗೆಗೆ ಕಾಯದೆ ಎದ್ದು ಬಂದರೆಂದು ಮಾತ್ರ ಕೇಳಿದ್ದೇನೆ. ಉಳಿದೆರಡು ಮನೆಗಳಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಆಗಿರಬೇಕು. ಏಕೆಂದರೆ ವಾರ ಕಳೆಯುವಷ್ಟರಲ್ಲಿ ಊರ ಬೋರ್ಡು ಚರಂಡಿಯ ಕೆಸರೆತ್ತಿಸಿತು, ಕಾಲುವೆಯವರು ಅದು ಕಾಲುವೆಗೆ ಸೇರುವ ಬಾಯಿಯನ್ನು ತೆಗೆದುಕೊಟ್ಟರು, ಆಸ್ಪತ್ರೆ ಗೋಡೆಯ ಬಿರುಕಿಗೆ ಗಾರೆ ಹಾಕಿಸಿ ಬಾವಿಯನ್ನು ಬರಿದು ಮಾಡಿಸಿತು. ಮದರಾಸಿನ ಚರ್ಚಾಕೂಟದಲ್ಲಿ ನಾನು ಗುದ್ದಿದ ಮೇಜುಗಳೆಲ್ಲ ಸೇರಿ ಮಾಡಲಾಗದ್ದನ್ನು ಆರು ಕೊಡಗಳು ಮಾಡಿದ್ದವು. ಹೊಸ ನೀರು ಊರಿದ ಮೇಲೆ ತರಗತಿ ಮೊದಲಿನಂತೆ ನಡೆಯತಕ್ಕದ್ದೆಂದು ಡಾಕ್ಟರು ಹೇಳಿದರು. ಹುಲಿಗೆವ್ವ ಆ ದಿನ ಸೌದೆಯ ಕಂತೆಯೆಲ್ಲವನ್ನೂ ಅನ್ನಕ್ಕೇ ಉರಿಸಿದಳು.

ಆದರೆ ಬಾವಿ ತುಂಬಿ ತಿಳಿಯಾಗುವವರೆಗೆ ಕುಡಿಯುವುದಕ್ಕೆ ನೀರು ಬೇಕಲ್ಲ. ತಮ್ಮ ಪಾಲಿನ ಕೆಲಸ ಮುಗಿಸಿದ ಮೂವರೂ ಮನೆಯ ಬಾಗಿಲಿಗೆ ಅಗುಳಿ ಹಾಕಿಸಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಆರು ಕೊಡ, ಆರು ಜನ.

“ಪಾಠ ಹೇಳಿದವರು ನಾಲ್ಕು ಮಂದಿ ಅಲ್ಲೇನ್ರಿ ಅಕ್ಕಾರ,” ಎಂದಳು ಹುಲಿಗೆವ್ವ. “ಮೂರು ಮನಿ ಆದ್ವು.”

ಆ ಆರು ಜನರಲ್ಲಿ ಎಷ್ಟು ಜಾತಿಗಳಿದ್ದವೋ ನಾನು ಎಂದೂ ಎಣಿಸಿದವಳಲ್ಲ. ಎಣಿಸದಿರುವುದೇ ನನ್ನ ಹೆಮ್ಮೆ. ಅಮ್ಮ ಮಡಿಯುಟ್ಟು ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತು ಒಂದೇ ನೋಟಕ್ಕೆ ಎಣಿಸಿಬಿಟ್ಟಳು. “ನೀರು ಕೊಡಬಾರದು ಅಂತ ಅಲ್ಲೇ,” ಎಂದಳು ನನ್ನ ಕಡೆ ತಿರುಗಿ. “ಬಾವಿ ತೋಡಿಸಿದವರು ನಿಮ್ಮಪ್ಪ. ಅವರನ್ನ ಒಂದು ಮಾತು ಕೇಳು.” ನಮ್ಮ ತಂದೆಯವರು ವಕೀಲರು, ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಪತ್ರಿಕೆಯನ್ನು ತಗ್ಗಿಸದೆಯೇ, “ಮಡಿಮೈಲಿಗೆ ಎಲ್ಲಾ ನಿಮ್ಮಮ್ಮನ ಕಡೆ. ನಾನು ಅದರಾಗ ಬಾಯಿ ಹಾಕೂದಿಲ್ಲ,” ಎಂದರು. ನಾನು ಪಡಸಾಲೆಗೂ ಹಿತ್ತಲಿಗೂ ನಡುವೆ ನಿಂತೆ. ಹೊಣೆ ಕೇಳುವುದಕ್ಕೆ ಈಗ ಸರಿಯಾದ ಸಮಯವಾಗಿತ್ತು. ಗುದ್ದಲು ಪಡಸಾಲೆಯಲ್ಲಿ ಮೇಜೂ ಇತ್ತು.

ನಾನು ಬಾವಿಕಟ್ಟೆಗೆ ಹೋಗಿ ಹಗ್ಗ ಹಿಡಿದೆ. ಆರು ಜನ ಕಟ್ಟೆಯಿಂದ ದೂರದಲ್ಲಿ ಕೊಡಗಳನ್ನು ಸಾಲಾಗಿಟ್ಟರು. ದೂರ ನಿಲ್ಲಿರೆಂದು ಅವರಿಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು ಸೇದಿ, ನಮ್ಮ ಬಿಂದಿಗೆ ಅವರ ಕೊಡಕ್ಕೆ ತಾಕದಷ್ಟು ಎತ್ತರದಿಂದ ಹುಯ್ದೆ. ಎರಡನೆಯ ಕೊಡ ತುಂಬುವಷ್ಟರಲ್ಲಿ ನಾರಿನ ಹಗ್ಗ ನನ್ನ ಅಂಗೈಯ ಪರಿಚಯ ಮಾಡಿಕೊಂಡಿತ್ತು.

“ಹಗ್ಗ ಇತ್ತ ಕೊಡ್ರಿ ಅಕ್ಕಾರ,” ಎಂದಳು ಹುಲಿಗೆವ್ವ. “ನಿಮಗ ರೂಢಿ ಇಲ್ಲ. ನಾನು ಸೇದಿದ್ರ ಗಳಿಗ್ಯಾಗ ಆಗತೈತಿ.”

“ಬೇಡ, ಇರಲಿ. ನಾನೇ ಸೇದುತ್ತೇನೆ,” ಎಂದೆ. ಸೇವೆ ಮಾಡುವವರ ಧ್ವನಿಯಲ್ಲಿಯೇ ಹೇಳಿದೆನೆಂದು ನೆನಪು. ಹೊಸ್ತಿಲಲ್ಲಿದ್ದ ಅಮ್ಮನ ಮುಖ ಸಡಿಲಾಯಿತು. ಹುಲಿಗೆವ್ವ ಒಮ್ಮೆ ಅಮ್ಮನನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ತನ್ನ ಕೊಡದ ಬಾಯಿಯನ್ನು ಬಿಂದಿಗೆಯ ಧಾರೆಗೆ ಸರಿಯಾಗಿ ಹಿಡಿದಳು. ಆಸ್ಪತ್ರೆಯ ಬಾವಿಯಲ್ಲಿ ನೀರು ಬರುವವರೆಗೂ ಅವರು ದಿನವೂ ಬಂದರು. ದಿನವೂ ನಾನೇ ಸೇದಿದೆ.

ಹೊಸ ನೀರು ಬಂತು, ಯಾರಿಗೂ ಜ್ವರ ಬರಲಿಲ್ಲ, ತರಗತಿ ನಿಲ್ಲಲಿಲ್ಲ. ನನ್ನ ಎರಡೂ ಅಂಗೈಗಳಲ್ಲಿ ಬೊಕ್ಕೆಯೆದ್ದು ಒಡೆದು ಸೀಮೆಸುಣ್ಣ ಹಿಡಿಯಲಾಗದಂತಾಯಿತು. ಆ ದಿನದ ಪಾಠ ಗಾಯಕ್ಕೆ ಕಟ್ಟು ಹಾಕುವುದು ಎಂದು ಹುಡುಗಿಯರೇ ತೀರ್ಮಾನಿಸಿದರು. ಹುಲಿಗೆವ್ವ ನನ್ನನ್ನು ಬೆಂಚಿನ ಮೇಲೆ ಕೂಡಿಸಿ, ಕುದಿಸಿ ಆರಿಸಿದ ನೀರಿನಿಂದ ನನ್ನ ಅಂಗೈ ತೊಳೆದು ಬಟ್ಟೆ ಸುತ್ತತೊಡಗಿದಳು. ಅಷ್ಟರಲ್ಲಿ ಡಾಕ್ಟರು ಒಳಗೆ ಬಂದರು.

“ಏನಮ್ಮಾ, ಕೈಗೆ ಏನಾಯಿತು?”

“ಬಾವಿಯ ಹಗ್ಗ.”

“ಇಷ್ಟು ಜನ ಗಟ್ಟಿ ಹುಡುಗಿಯರಿದ್ದಾರೆ. ಒಬ್ಬರೂ ಹಗ್ಗ ಮುಟ್ಟಲಿಲ್ಲವೇ? ಯಾರ ಬಾವಿ ಅದು?”

ಆರು ಮುಖಗಳು ನನ್ನ ಕಡೆ ತಿರುಗಿದವು. ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಕುತೂಹಲದಿಂದ, ಪಾಠ ಕೇಳುವವರಂತೆಯೇ, ಅವರು ಕಾದರು. ನಾನು ಗಂಟಲು ಸರಿಮಾಡಿಕೊಂಡೆ.

“ಅದು ನಮ್ಮ ತಾಯಿಯವರಿಗೆ ಸೇರಿದ ವಿಷಯ,” ಎಂದೆ.

ಡಾಕ್ಟರು ತಲೆಯಾಡಿಸಿದರು, ಅವರಿಗೆ ಅದು ತೃಪ್ತಿಕರವಾದ ಉತ್ತರವಾಗಿ ಕಂಡಿತು. ಹುಲಿಗೆವ್ವ ಕಟ್ಟಿನ ಕೊನೆಯ ಗಂಟನ್ನು ಮಾತ್ರ, ಪುಸ್ತಕದಲ್ಲಿ ಹೇಳಿರುವುದಕ್ಕಿಂತ ತುಸು ಬಿಗಿಯಾಗಿಯೇ ಎಳೆದಳು.